ಶಾಲೆ ಬಿಟ್ಟ ವಯಸ್ಸು, ಮರೆವು ಬಂದ ವಯಸ್ಸು: ಅಮೆರಿಕದ ಹಿಸ್ಪಾನಿಕ್ ಸಮುದಾಯ ಮತ್ತು ಅಲ್ಝೈಮರ್

"ಮುಂದೊ ಅನ್ನುವ ಪದವನ್ನು ಒಂದೊಂದೇ ಅಕ್ಷರವಾಗಿ ಹಿಂದಿನಿಂದ ಹೇಳಿ."

ಮುಂದೊ ಅಂದರೆ ಸ್ಪ್ಯಾನಿಷ್‌ನಲ್ಲಿ ಜಗತ್ತು. ಅಮೆರಿಕದ ಕ್ಲಿನಿಕ್‌ಗಳಲ್ಲಿ ಸ್ಪ್ಯಾನಿಷ್ ಮಾತಾಡುವ ಹಿರಿಯರ ನೆನಪಿನ ಶಕ್ತಿ ನೋಡುವಾಗ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಓ, ದೆ, ಎನೆ, ಊ, ಎಮೆ. ತಪ್ಪಿಲ್ಲದೆ ಹೇಳಿದರೆ 5 ಅಂಕ. ಇದು ಬೇಡವಾದರೆ 100ರಿಂದ ಏಳೇಳು ಕಳೆಯುತ್ತಾ ಬರಬೇಕು: 93, 86, 79, 72, 65. 1975ರಲ್ಲಿ ತಯಾರಾದ ಈ ಪುಟ್ಟ ಪರೀಕ್ಷೆಗೆ ಒಟ್ಟು 30 ಅಂಕ. ಸಾಮಾನ್ಯವಾಗಿ 24ಕ್ಕಿಂತ ಕಡಿಮೆ ಬಂದರೆ ಡಾಕ್ಟರಿಗೆ ಅನುಮಾನ ಶುರುವಾಗುತ್ತದೆ.

ಈಗ ಆ ಕುರ್ಚಿಯಲ್ಲಿ ಒಬ್ಬ ಅಜ್ಜಿಯನ್ನು ಕೂರಿಸಿ ನೋಡಿ. ಮೆಕ್ಸಿಕೋದ ಯಾವುದೋ ಹಳ್ಳಿಯಲ್ಲಿ ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಆಮೇಲೆ ಗಂಡನ ಜೊತೆ ಕ್ಯಾಲಿಫೋರ್ನಿಯಾಕ್ಕೆ ಬಂದು ನಲವತ್ತು ವರ್ಷ ದ್ರಾಕ್ಷಿ, ಟೊಮೆಟೊ ಕಿತ್ತವಳು. ಒಂದು ಬುಟ್ಟಿ ದ್ರಾಕ್ಷಿಗೆ ಎಷ್ಟು ಕೂಲಿ, ಯಾರ ಮನೆಗೆ ಎಷ್ಟು ಕೊಡಬೇಕು, ಎಲ್ಲ ಲೆಕ್ಕವೂ ಅವಳಿಗೆ ಬಾಯಲ್ಲೇ ಗೊತ್ತು. ಆದರೆ ಒಂದು ಪದವನ್ನು ಅಕ್ಷರ ಅಕ್ಷರವಾಗಿ ಬಿಡಿಸಿ, ಅದನ್ನು ತಲೆಕೆಳಗು ಮಾಡಿ ಹೇಳುವ ಕೆಲಸ ಅವಳ ಬದುಕಿನಲ್ಲಿ ಒಮ್ಮೆಯೂ ಬಂದಿಲ್ಲ. ಅವಳು ತಡವರಿಸಿದರೆ ಅದು ಮರೆವೋ, ಮೂರನೇ ಕ್ಲಾಸೋ?

ಇದು ಸುಮ್ನೆ ಕೇಳುವ ಪ್ರಶ್ನೆಯಲ್ಲ. ಅಮೆರಿಕದ 18 ಸಾವಿರಕ್ಕೂ ಹೆಚ್ಚು ವಯಸ್ಕರಿಗೆ ಇದೇ ಪರೀಕ್ಷೆ ಕೊಟ್ಟು ನೋಡಿದ ಅಧ್ಯಯನವೊಂದು 1993ರಲ್ಲಿ ಪ್ರಕಟವಾಯಿತು. ಒಂಬತ್ತು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಓದಿದವರ ಸಾಲಿನಲ್ಲಿ ನಡುವೆ ನಿಂತವರಿಗೆ 29 ಅಂಕ. ಐದರಿಂದ ಎಂಟು ವರ್ಷ ಓದಿದವರಲ್ಲಿ 26. ನಾಲ್ಕು ವರ್ಷ ಅಥವಾ ಅದಕ್ಕಿಂತ ಕಡಿಮೆ ಓದಿದವರಲ್ಲಿ 22. ಅಂದರೆ ಓದು ಕಡಿಮೆಯಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ 24ರ ಗೆರೆಯ ಕೆಳಗೇ ಇದ್ದರು. ಅವರೆಲ್ಲರಿಗೂ ಕಾಯಿಲೆ ಇತ್ತು ಅನ್ನೋಕಾಗಲ್ಲ ಅಲ್ವಾ?

ಹಿಸ್ಪಾನಿಕ್, ಅಂದರೆ ಸ್ಪ್ಯಾನಿಷ್ ಮಾತಾಡುವ ನಾಡುಗಳ ಮೂಲದ, ಸಮುದಾಯದ ಅಲ್ಝೈಮರ್ ಬಗ್ಗೆ ಬರುವ ಯಾವುದೇ ಅಂಕಿಅಂಶ ಓದುವಾಗ ಈ ಕುರ್ಚಿಯನ್ನು ಮರೆಯಬಾರದು ಅನ್ನುವುದು ನನ್ನ ಅಭಿಪ್ರಾಯ. ಬಡತನ ಇಲ್ಲಿ ಎರಡು ಕೆಲಸ ಮಾಡುತ್ತದೆ. ಮೆದುಳಿಗೆ ನಿಜವಾಗಿಯೂ ಪೆಟ್ಟು ಕೊಡುತ್ತದೆ. ಜೊತೆಗೆ, ಆ ಪೆಟ್ಟನ್ನು ಅಳೆಯುವ ತಕ್ಕಡಿಯನ್ನೂ ವಾಲಿಸುತ್ತದೆ. ಎರಡನ್ನೂ ಒಟ್ಟಿಗೆ ನೋಡದಿದ್ದರೆ ಚಿತ್ರ ಸಿಗುವುದಿಲ್ಲ.

ಮೊದಲು ಅಂಕಿಅಂಶ. ಅಮೆರಿಕದ ಅಲ್ಝೈಮರ್ಸ್ ಅಸೋಸಿಯೇಷನ್ ಹೇಳುವ ಪ್ರಕಾರ, ಅಲ್ಲಿನ ಬಿಳಿಯ ಹಿರಿಯರಿಗೆ ಹೋಲಿಸಿದರೆ ಹಿಸ್ಪಾನಿಕ್ ಹಿರಿಯರಲ್ಲಿ ಅಲ್ಝೈಮರ್ ಅಥವಾ ಬೇರೆ ಬಗೆಯ ಡಿಮೆನ್ಷಿಯಾ (ನೆನಪು, ಬುದ್ಧಿ ಕುಂದುವ ಕಾಯಿಲೆ) ಸುಮಾರು ಒಂದೂವರೆ ಪಟ್ಟು. 2018ರಲ್ಲಿ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಕೊಟ್ಟ ಲೆಕ್ಕದಲ್ಲಿ ಅಂತರ ಇಷ್ಟಿಲ್ಲ: 65 ದಾಟಿದ ಹಿಸ್ಪಾನಿಕ್ ಜನರಲ್ಲಿ ಶೇಕಡಾ 12.2, ಬಿಳಿಯರಲ್ಲಿ ಶೇಕಡಾ 10.3. ಅಳೆಯುವ ವಿಧಾನ ಬದಲಾದರೆ ಅಂತರವೂ ಬದಲಾಗುತ್ತದೆ. ಆದರೆ ಅಂತರ ಇದೆ ಅನ್ನುವುದನ್ನು ಎರಡೂ ಹೇಳುತ್ತವೆ. 2060ರ ಹೊತ್ತಿಗೆ ಈ ಸಮುದಾಯದಲ್ಲಿ 32 ಲಕ್ಷ ಜನರಿಗೆ ಕಾಯಿಲೆ ಇರಬಹುದು ಅನ್ನುವುದು ಆ ಸರ್ಕಾರಿ ಸಂಸ್ಥೆಯ ಅಂದಾಜು.

ಹಿಸ್ಪಾನಿಕ್ ಅಂದರೆ ಯಾರು? 2020ರ ಜನಗಣತಿಯಲ್ಲಿ 6.2 ಕೋಟಿ ಜನ ಈ ಹೆಸರಿನ ಕೆಳಗೆ ಬಂದರು. ಟೆಕ್ಸಾಸ್‌ನಲ್ಲಿ ಐದು ತಲೆಮಾರಿನಿಂದ ಇರುವ ಮೆಕ್ಸಿಕನ್ ಕುಟುಂಬ, ಹುಟ್ಟಿನಿಂದಲೇ ಅಮೆರಿಕದ ಪ್ರಜೆಯಾದ ಪೋರ್ಟೊ ರಿಕೊದವರು, ಮಯಾಮಿಯ ಕ್ಯೂಬನ್ ವ್ಯಾಪಾರಿ, ನಿನ್ನೆ ಮೊನ್ನೆ ಬಂದ ಗ್ವಾಟೆಮಾಲಾದ ಕೂಲಿಯವನು, ಎಲ್ಲರೂ ಒಂದೇ ಚೀಲದಲ್ಲಿ. ಕೊಡಗಿನವರನ್ನೂ ಬಿಹಾರದವರನ್ನೂ ಸೇರಿಸಿ 'ಭಾರತೀಯರ ಆರೋಗ್ಯ' ಅಂದ ಹಾಗೆ. 2008ರಿಂದ 2011ರವರೆಗೆ ಬ್ರಾಂಕ್ಸ್, ಶಿಕಾಗೊ, ಮಯಾಮಿ, ಸ್ಯಾನ್ ಡಿಯೇಗೊ ಈ ನಾಲ್ಕು ಕಡೆ 16,415 ಜನರನ್ನು ಸೇರಿಸಿಕೊಂಡು ಒಂದು ದೊಡ್ಡ ಅಧ್ಯಯನ ಶುರುವಾಯಿತು. ಅದರಲ್ಲಿ ನಡುವಯಸ್ಸು ದಾಟಿದವರ ನೆನಪು, ಬುದ್ಧಿಯನ್ನು ಮುಂದೆ ಬೇರೆಯಾಗಿ ಪರೀಕ್ಷಿಸಿದಾಗ, ನೂರಕ್ಕೆ ಹತ್ತಿರ ಹತ್ತಿರ ಹತ್ತು ಜನರಲ್ಲಿ ಡಿಮೆನ್ಷಿಯಾಕ್ಕೆ ಮುಂಚಿನ ಹಂತದ ಮರೆವು ಕಾಣಿಸಿತು. ಪೋರ್ಟೊ ರಿಕೊ ಮೂಲದವರಲ್ಲಿ ಅದು ಜಾಸ್ತಿ, ಕ್ಯೂಬಾ ಮೂಲದವರಲ್ಲಿ ಕಡಿಮೆ. ಭಾಷೆ ಒಂದೇ ಆದರೂ ಬಂದ ದಾರಿ, ಸಿಕ್ಕ ಕೆಲಸ, ನಿಂತ ಬೀದಿ ಬೇರೆ ಬೇರೆ.

"ಅವರ ರಕ್ತದಲ್ಲೇ ಇದೆ" ಅನ್ನುವ ಸುಲಭದ ಉತ್ತರ ಇಲ್ಲಿ ನಡೆಯುವುದಿಲ್ಲ. ಅಲ್ಝೈಮರ್ ಅಪಾಯ ಹೆಚ್ಚಿಸುವ ಜೀನ್‌ಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಎಪಿಒಇ-4. ಮೆಕ್ಸಿಕನ್ ಮೂಲದವರಲ್ಲಿ ಅದು ಬಿಳಿಯರಿಗಿಂತ ಕಡಿಮೆ ಕಾಣುತ್ತದೆ. ನ್ಯೂಯಾರ್ಕ್‌ನ ಮ್ಯಾನ್‌ಹ್ಯಾಟನ್ ಉತ್ತರ ಭಾಗದಲ್ಲಿ, ಡೊಮಿನಿಕನ್ ರಿಪಬ್ಲಿಕ್‌ನಿಂದ ಬಂದವರು ಜಾಸ್ತಿ ಇರುವ ವಾಷಿಂಗ್ಟನ್ ಹೈಟ್ಸ್‌ನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದವರು ದಶಕಗಳಿಂದ ಹಿರಿಯರನ್ನು ಗಮನಿಸುತ್ತಿದ್ದಾರೆ. ಅವರು 1998ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿತ್ತು: ಆ ಜೀನ್ ಇಲ್ಲದವರನ್ನೇ ಹೋಲಿಸಿದರೂ, 90ರ ವಯಸ್ಸಿನೊಳಗೆ ಅಲ್ಝೈಮರ್ ಬರುವ ಸಾಧ್ಯತೆ ಹಿಸ್ಪಾನಿಕ್ ಜನರಲ್ಲಿ ಬಿಳಿಯರ ಎರಡು ಪಟ್ಟು. ಜೀನ್ ಇಲ್ಲದೆಯೂ ಎರಡು ಪಟ್ಟು ಅಂದರೆ ಉಳಿದದ್ದು ಎಲ್ಲಿಂದ ಬಂತು?

(ಕೊಲಂಬಿಯಾ ದೇಶದ ಆಂತಿಯೋಕಿಯಾದಲ್ಲಿ, ಮೆಕ್ಸಿಕೋದ ಹಾಲಿಸ್ಕೊದಲ್ಲಿ ನಲವತ್ತರ ಆಸುಪಾಸಿಗೇ ಮರೆವು ತರುವ ಅಪರೂಪದ ಜೀನ್ ಇರುವ ಕುಟುಂಬಗಳಿವೆ. 2024ರಲ್ಲಿ ತೀರಿಕೊಂಡ ನರರೋಗ ವೈದ್ಯ ಫ್ರಾನ್ಸಿಸ್ಕೊ ಲೊಪೆರಾ ಆಂತಿಯೋಕಿಯಾದ ಬೆಟ್ಟದ ಹಳ್ಳಿಗಳನ್ನು ಅಲೆದು ಆ ಕುಟುಂಬಗಳನ್ನು ಜಗತ್ತಿಗೆ ತೋರಿಸಿದವರು. ಆ ಕಥೆಯೇ ಬೇರೆ. ಅಂಥ ಪ್ರಕರಣಗಳು ಒಟ್ಟು ಅಲ್ಝೈಮರ್‌ನಲ್ಲಿ ನೂರಕ್ಕೆ ಒಂದರಷ್ಟೂ ಇಲ್ಲ.)

ಉಳಿದದ್ದರ ಒಂದು ದೊಡ್ಡ ಪಾಲು ಶಾಲೆಯಲ್ಲಿದೆ. ಅದೇ ವಾಷಿಂಗ್ಟನ್ ಹೈಟ್ಸ್‌ನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಯಾಕೋವ್ ಸ್ಟರ್ನ್ ತಂಡ 60 ದಾಟಿದ, ಡಿಮೆನ್ಷಿಯಾ ಇಲ್ಲದ 593 ಜನರನ್ನು ಕೆಲವು ವರ್ಷ ಗಮನಿಸಿ 1994ರಲ್ಲಿ ವರದಿ ಕೊಟ್ಟಿತು. ಕಡಿಮೆ ಓದಿದವರಿಗೆ ಡಿಮೆನ್ಷಿಯಾ ಬರುವ ಅಪಾಯ ಸುಮಾರು ಎರಡು ಪಟ್ಟು. ಕೂಲಿ, ಕಾರ್ಖಾನೆ ಥರದ ಕೆಳದರ್ಜೆಯ ಕೆಲಸ ಮಾಡಿದವರಿಗೂ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿಯೇ.

ಇದಕ್ಕೆ ಸ್ಟರ್ನ್ ಕೊಡುವ ವಿವರಣೆಯನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, ಮೆದುಳಿಗೂ ಒಂದು ಇಡುಗಂಟು ಇದೆ. ಓದು, ಬರಹ, ತಲೆಗೆ ಕೆಲಸ ಕೊಡುವ ಉದ್ಯೋಗ, ನಾಲ್ಕು ಜನರ ಒಡನಾಟ ಇವೆಲ್ಲ ಆ ಗಂಟಿಗೆ ಸೇರುತ್ತಾ ಹೋಗುತ್ತವೆ. ಕಾಯಿಲೆ ಬಂದು ಮೆದುಳಿನ ಒಂದು ದಾರಿ ಕಟ್ಟಿಕೊಂಡರೆ, ಗಂಟಿದ್ದವರು ಇನ್ನೊಂದು ದಾರಿ ಹಿಡಿದು ಸಂಭಾಳಿಸುತ್ತಾರೆ. ಒಳಗೆ ಹಾನಿ ಅಷ್ಟೇ ಆಗಿದ್ದರೂ ಹೊರಗೆ ಗೊತ್ತಾಗುವುದು ನಾಲ್ಕೈದು ವರ್ಷ ತಡವಾಗಬಹುದು. ಗಂಟಿಲ್ಲದವರಿಗೆ ಆ ಸಾವಕಾಶ ಇಲ್ಲ. ಇಲ್ಲಿ ಎಷ್ಟು ವರ್ಷ ಶಾಲೆಗೆ ಹೋದರು ಅನ್ನುವುದಷ್ಟೇ ಲೆಕ್ಕವಲ್ಲ, ಅಲ್ಲಿ ಏನು ಕಲಿತರು ಅನ್ನುವುದೂ ಮುಖ್ಯ. ಒಬ್ಬನೇ ಮೇಷ್ಟ್ರು ನಾಲ್ಕು ಕ್ಲಾಸು ನೋಡಿಕೊಳ್ಳುವ ಹಳ್ಳಿ ಶಾಲೆಯ ಆರು ವರ್ಷವೂ ಪಟ್ಟಣದ ಆರು ವರ್ಷವೂ ಒಂದೇ ಅಲ್ಲ.

ಇದರ ಕಹಿಯಾದ ಮುಖ ಫ್ರೇಮಿಂಗ್‌ಹ್ಯಾಮ್‌ನಿಂದ ಬಂತು. ಮ್ಯಾಸಚೂಸೆಟ್ಸ್‌ನ ಆ ಊರಿನಲ್ಲಿ 1970ರ ದಶಕದಿಂದ ಹೊಸದಾಗಿ ಡಿಮೆನ್ಷಿಯಾ ಬರುವ ಪ್ರಮಾಣ ಪ್ರತಿ ಹತ್ತು ವರ್ಷಕ್ಕೆ ಸುಮಾರು ಶೇಕಡಾ 20ರಷ್ಟು ಇಳಿದಿದೆ ಅಂತ 2016ರಲ್ಲಿ ಗೊತ್ತಾಯಿತು. ಒಳ್ಳೆ ಸುದ್ದಿ. ಆದರೆ ಇಳಿದದ್ದು ಹೈಸ್ಕೂಲ್ ಮುಗಿಸಿದವರಲ್ಲಿ ಮಾತ್ರ. ಅಧ್ಯಯನದಲ್ಲಿ ಇದ್ದವರು ಬಹುತೇಕ ಬಿಳಿಯರೇ, ಹಾಗಾಗಿ ಇದು ಜನಾಂಗದ ಮಾತೇ ಅಲ್ಲ. ಓದು ನಡುವೆ ನಿಂತವರ ಹತ್ತಿರ ಆ ಒಳ್ಳೆ ಸುದ್ದಿ ಸುಳಿಯಲೇ ಇಲ್ಲ.

ಇನ್ನೊಂದು ಪಾಲು ಸಕ್ಕರೆಯಲ್ಲಿದೆ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಸುತ್ತಮುತ್ತ 60 ದಾಟಿದ 1,789 ಹಿಸ್ಪಾನಿಕ್ ಹಿರಿಯರನ್ನು, ಹೆಚ್ಚಿನವರು ಮೆಕ್ಸಿಕನ್ ಮೂಲದವರು, 1998ರಿಂದ ಸುಮಾರು ಹತ್ತು ವರ್ಷ ಗಮನಿಸಲಾಯಿತು. ಶುರುವಿನಲ್ಲೇ ಅವರಲ್ಲಿ 585 ಜನರಿಗೆ ಸಕ್ಕರೆ ಕಾಯಿಲೆ ಇತ್ತು. ಮೂವರಲ್ಲಿ ಒಬ್ಬರಿಗೆ! ಸಕ್ಕರೆ ಇದ್ದವರಲ್ಲಿ ಡಿಮೆನ್ಷಿಯಾ ಜಾಸ್ತಿ. ಸಕ್ಕರೆ ಹತೋಟಿ ತಪ್ಪಿದರೆ ಕಣ್ಣು, ಕಿಡ್ನಿ, ಕಾಲು ಹಾಳಾಗುವುದು ನಮಗೆಲ್ಲ ಗೊತ್ತು. ಅಲ್ಲಿ ಹಾಳಾಗುವ ಸಣ್ಣ ರಕ್ತನಾಳಗಳಂಥವೇ ಮೆದುಳಿನಲ್ಲೂ ಇವೆ.

ಹಾಗಾದರೆ ಸಕ್ಕರೆ ಹತೋಟಿಯಲ್ಲಿಡಲು ಔಷಧ ಯಾಕೆ ತೆಗೆದುಕೊಳ್ಳುವುದಿಲ್ಲ? ಇಲ್ಲಿ ವಿಮೆಯ ಲೆಕ್ಕ ಬರುತ್ತದೆ. ಅಮೆರಿಕದಲ್ಲಿ 65 ಆದ ಮೇಲೆ ಮೆಡಿಕೇರ್ ಅನ್ನುವ ಸರ್ಕಾರಿ ವಿಮೆ ಸಿಗುತ್ತದೆ. ಆಸ್ಪತ್ರೆ ಖರ್ಚಿನ ಭಾಗ ಕಂತಿಲ್ಲದೆ ಸಿಗಬೇಕಾದರೆ ತಾನು, ಇಲ್ಲವೇ ತನ್ನ ಗಂಡ ಅಥವಾ ಹೆಂಡತಿ, ಹತ್ತು ವರ್ಷದಷ್ಟು ತೆರಿಗೆ ಕಟ್ಟಿ ದುಡಿದ ದಾಖಲೆ ಬೇಕು. ಹೊಲದಲ್ಲಿ, ಹೋಟೆಲ್ ಅಡುಗೆಮನೆಯಲ್ಲಿ, ಬೇರೆಯವರ ಮಕ್ಕಳನ್ನು ನೋಡಿಕೊಳ್ಳುತ್ತಾ ಕೈಗೆ ದುಡ್ಡು ಪಡೆದು ದುಡಿದವರ ಹತ್ತಿರ ಆ ದಾಖಲೆ ಎಲ್ಲಿರುತ್ತದೆ? ದಾಖಲೆ ಪತ್ರವಿಲ್ಲದೆ ಬಂದವರಿಗಂತೂ ಮೆಡಿಕೇರ್ ಇಲ್ಲವೇ ಇಲ್ಲ. ವಿಮೆ ಇಲ್ಲದವರ ಪ್ರಮಾಣ ಹಿಸ್ಪಾನಿಕ್ ಜನರಲ್ಲಿ ಬಿಳಿಯರ ಎರಡು ಪಟ್ಟಿಗಿಂತ ಹೆಚ್ಚು. ಮೆಡಿಕೇರ್ ಸಿಕ್ಕಿದರೂ ಅದು ಬರುವುದು 65ಕ್ಕೆ. ಸಕ್ಕರೆ, ಬಿಪಿ ಮೆದುಳನ್ನು ಕೊರೆಯುವುದು ಅದಕ್ಕೂ ಇಪ್ಪತ್ತು ವರ್ಷ ಮೊದಲು. ಮಾತ್ರೆ ಬೇಕಾದ ವಯಸ್ಸಿಗೆ ವಿಮೆ ಇಲ್ಲ, ವಿಮೆ ಬಂದ ವಯಸ್ಸಿಗೆ ಹಾನಿ ಆಗಿ ಹೋಗಿದೆ.

ಬೀದಿಯ ಬಗ್ಗೆಯೂ ಎರಡು ಮಾತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಏಮಿ ಕೈಂಡ್ ಮತ್ತು ಅವರ ಜೊತೆಗಾರರು ಅಮೆರಿಕದ ಪ್ರತಿ ಬಡಾವಣೆಗೂ ಆದಾಯ, ಓದು, ಉದ್ಯೋಗ, ಮನೆಯ ಸ್ಥಿತಿ ನೋಡಿ ಒಂದು ಸೂಚ್ಯಂಕ ಮಾಡಿದ್ದಾರೆ. ಸತ್ತ ಮೇಲೆ ಮೆದುಳು ದಾನ ಮಾಡಿದವರ ವಿಳಾಸವನ್ನು ಈ ಸೂಚ್ಯಂಕದ ಜೊತೆ ಇಟ್ಟು ನೋಡಿದರು. ತೀರಾ ಹಿಂದುಳಿದ ಬಡಾವಣೆಗಳಲ್ಲಿ ಬದುಕಿದ್ದವರ ಮೆದುಳಿನಲ್ಲಿ ಅಲ್ಝೈಮರ್ ಗುರುತು ಸಿಗುವ ಸಂಭವ ಸುಮಾರು ಎರಡು ಪಟ್ಟು ಇತ್ತು. 2020ರಲ್ಲಿ ಬಂದ ಈ ಫಲಿತಾಂಶ ನನಗೆ ಮುಖ್ಯ ಅನ್ನಿಸಲು ಕಾರಣವಿದೆ. ಇಲ್ಲಿ ಮುಂದೊ ಇಲ್ಲ, ಏಳೇಳು ಕಳೆಯುವುದಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಕಂಡದ್ದು ಅದು. ಕ್ಯಾಲಿಫೋರ್ನಿಯಾದ ಹಣ್ಣು ತರಕಾರಿ ಬೆಳೆಯುವ ಸೆಂಟ್ರಲ್ ವ್ಯಾಲಿಯ ಬೇಕರ್ಸ್‌ಫೀಲ್ಡ್, ಫ್ರೆಸ್ನೊ ಊರುಗಳ ಗಾಳಿ ಅಮೆರಿಕದಲ್ಲೇ ಅತಿ ಕೆಟ್ಟದ್ದರ ಸಾಲಿನಲ್ಲಿದೆ. ಗಾಳಿಯ ಮಾಲಿನ್ಯವೂ ಡಿಮೆನ್ಷಿಯಾಕ್ಕೆ ಒಂದು ಕಾರಣ ಅಂತ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ 2020ರಲ್ಲೇ ಪಟ್ಟಿಗೆ ಸೇರಿಸಿದೆ. ಆ ಗಾಳಿ ಕುಡಿಯುವ ಹೊಲದ ಕೆಲಸಗಾರರಲ್ಲಿ ಬಹುಪಾಲು ಯಾರು ಅಂತ ಬೇರೆ ಹೇಳಬೇಕಿಲ್ಲ.

ಇಷ್ಟೆಲ್ಲ ಆದ ಮೇಲೆ ಒಂದು ಒಗಟು. ಬಡವರು ಬೇಗ ಸಾಯಬೇಕು ತಾನೇ? ಆದರೆ ಹಿಸ್ಪಾನಿಕ್ ಜನ ಬಿಳಿಯರಿಗಿಂತ ಜಾಸ್ತಿ ಬದುಕುತ್ತಾರೆ. ಕೋವಿಡ್‌ಗೆ ಮುಂಚೆ, 2019ರಲ್ಲಿ, ಅವರ ನಿರೀಕ್ಷಿತ ಆಯಸ್ಸು 81.9 ವರ್ಷ, ಬಿಳಿಯರದ್ದು 78.8. ಸಿಗರೇಟು ಕಡಿಮೆ ಸೇದುತ್ತಾರೆ, ವಲಸೆ ಬರುವವರು ಸಾಮಾನ್ಯವಾಗಿ ಗಟ್ಟಿಮುಟ್ಟಾದವರೇ, ಮನೆ ತುಂಬ ಜನ ಇರುತ್ತಾರೆ, ಹೀಗೆ ಕಾರಣಗಳನ್ನು ಹೇಳುತ್ತಾರೆ. ಪೂರ್ತಿ ಒಪ್ಪಿಗೆಯ ಉತ್ತರ ಯಾವುದೂ ಅಲ್ಲ. ಆದರೆ ಪರಿಣಾಮ ಸ್ಪಷ್ಟ. ಎಂಬತ್ತು ದಾಟಿದವರಲ್ಲೇ ಅಲ್ಝೈಮರ್ ಜಾಸ್ತಿ. ದೀರ್ಘಾಯಸ್ಸು ಇವರನ್ನು ನೇರ ಆ ಬಾಗಿಲಿಗೇ ತಂದು ನಿಲ್ಲಿಸುತ್ತದೆ.

ಈಗ ಎಲ್ಲಕ್ಕಿಂತ ಗೊಂದಲದ ವಿಷಯ. ಇವರಿಗೆ ಬರುತ್ತಿರುವುದು ಅಲ್ಝೈಮರ್ ಹೌದಾ?

ಅಲ್ಝೈಮರ್ ಅಂದರೆ ಮೆದುಳಿನಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನ್ ಗಸಿಯಂತೆ ಕೂರುವುದು, ಅದರ ಬೆನ್ನಿಗೆ ಟೌ ಎಂಬ ಇನ್ನೊಂದು ಪ್ರೋಟೀನ್ ಗೋಜಲಾಗುವುದು. ಮರೆವಿನ ತೊಂದರೆ ಇದ್ದ ಮೆಡಿಕೇರ್ ಹಿರಿಯರ ಸ್ಕ್ಯಾನ್‌ಗಳನ್ನು ಹೋಲಿಸಿ 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಹಿಸ್ಪಾನಿಕ್ ಜನರ ಮೆದುಳಿನಲ್ಲಿ ಅಮಿಲಾಯ್ಡ್ ಸಿಕ್ಕಿದ್ದು ಬಿಳಿಯರಿಗಿಂತ ಕಡಿಮೆ. ಟೆಕ್ಸಾಸ್‌ನ ಫೋರ್ಟ್‌ವರ್ತ್‌ನಲ್ಲಿ ಸಿಡ್ ಓಬ್ರಯಂಟ್ ತಂಡ ಮೆಕ್ಸಿಕನ್ ಮೂಲದವರಲ್ಲಿ ನೋಡುತ್ತಿರುವುದೂ ಇದನ್ನೇ: ಅಮಿಲಾಯ್ಡ್ ಕಡಿಮೆ, ಸಕ್ಕರೆ ಕಾಯಿಲೆ ಜಾಸ್ತಿ, ಮರೆವು ಚಿಕ್ಕ ವಯಸ್ಸಿಗೇ. ಅಂದರೆ ಅಲ್ಝೈಮರ್ ಅನ್ನುವ ಚೀಟಿ ಅಂಟಿಸಿಕೊಂಡ ಎಷ್ಟೋ ಜನರಲ್ಲಿ ರಕ್ತನಾಳದ ಹಾನಿ, ಖಿನ್ನತೆ, ಬೇರೆ ಕಾರಣಗಳೂ ಕಲಸಿಕೊಂಡಿರಬಹುದು. ಪರೀಕ್ಷೆಯ ತಕ್ಕಡಿ ವಾಲಿರುವುದೂ ಇದರಲ್ಲಿ ಸೇರಿರಬಹುದು.

ಇದಕ್ಕೆ ದುಡ್ಡಿನ ಸಂಬಂಧ ಹೇಗೆ? 2023ರ ಜುಲೈನಲ್ಲಿ ಅಮೆರಿಕದ ಔಷಧ ಇಲಾಖೆ ಲೆಕಾನೆಮ್ಯಾಬ್ ಎಂಬ ಔಷಧಕ್ಕೆ ಪೂರ್ತಿ ಒಪ್ಪಿಗೆ ಕೊಟ್ಟಿತು. ಕಾಯಿಲೆಯ ವೇಗವನ್ನು ಸ್ವಲ್ಪ ತಗ್ಗಿಸುತ್ತದೆ, ಅಷ್ಟೇ. ಕಂಪನಿ ಆಗ ಇಟ್ಟ ಬೆಲೆ ವರ್ಷಕ್ಕೆ 26,500 ಡಾಲರ್. ಆಗ ಎರಡು ವಾರಕ್ಕೊಮ್ಮೆ ಹೋಗಿ ಡ್ರಿಪ್ ಹಾಕಿಸಿಕೊಳ್ಳಬೇಕಿತ್ತು. ಮೆದುಳಲ್ಲಿ ರಕ್ತ ಒಸರುತ್ತಿದೆಯಾ ಅಂತ ಮತ್ತೆ ಮತ್ತೆ ಎಂಆರ್‌ಐ ಮಾಡಿಸಬೇಕು. ಕಾಯಿಲೆ ಶುರುವಿನ ಹಂತದಲ್ಲಿರಬೇಕು, ಮೆದುಳಲ್ಲಿ ಅಮಿಲಾಯ್ಡ್ ಇದೆ ಅಂತ ಸಾಬೀತಾಗಬೇಕು. ಆದರೆ ಕ್ಯಾಲಿಫೋರ್ನಿಯಾದ ಮೆಡಿಕೇರ್ ದಾಖಲೆ ನೋಡಿದವರು ಕಂಡದ್ದು, ಹಿಸ್ಪಾನಿಕ್ ಜನರಿಗೆ ಶುರುವಿನ ಹಂತದಲ್ಲೇ ಕಾಯಿಲೆ ಪತ್ತೆಯಾಗುವುದು ಬಿಳಿಯರಿಗಿಂತ ಕಡಿಮೆ ಅನ್ನುವುದನ್ನು. ಅಮಿಲಾಯ್ಡ್ ಕಡಿಮೆ, ಪತ್ತೆ ತಡ, ದುಡ್ಡು ಇಲ್ಲ. ಮೂರು ಜರಡಿಯಲ್ಲೂ ಕೆಳಗೆ ಬೀಳುವವರು ಅವರೇ. ಕೋಟಿಗಟ್ಟಲೆ ಡಾಲರ್ ಸುರಿದು ಮಾಡಿದ ಔಷಧ ಹೊರಟಿರುವ ದಾರಿಯೇ ಬೇರೆ, ಈ ಜನರ ಮೆದುಳಿಗೆ ಹಾನಿ ಬಂದ ದಾರಿಯೇ ಬೇರೆ. ಸಕ್ಕರೆಯ ಮಾತ್ರೆ ಮೆಟ್‌ಫಾರ್ಮಿನ್ ಎಷ್ಟು ಅಗ್ಗ ಅಂತ ಯಾವ ಮೆಡಿಕಲ್ ಶಾಪಿನಲ್ಲಾದರೂ ಕೇಳಿ.

ಪತ್ತೆ ತಡವಾಗುವುದಕ್ಕೆ ಮನೆಯ ಮಾತೂ ಕಾರಣ. ನಮ್ಮಲ್ಲಿ 'ಅರವತ್ತಕ್ಕೆ ಅರಳು ಮರಳು' ಅನ್ನುತ್ತೇವೆ. ಅವರಲ್ಲಿ 'ಕೋಸಾಸ್ ದೆ ಲಾ ಎದಾದ್' ಅನ್ನುತ್ತಾರೆ, ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಅಂತ. ಆದರೆ ತಪ್ಪನ್ನೆಲ್ಲ ಈ ನಂಬಿಕೆಯ ತಲೆಗೆ ಕಟ್ಟುವುದು ಸರಿಯಲ್ಲ. ಅರ್ಧ ದಿನದ ಕೂಲಿ ಬಿಟ್ಟು, ಎರಡು ಬಸ್ ಬದಲಿಸಿ ಹೋದರೆ ಅಲ್ಲಿ ಸ್ಪ್ಯಾನಿಷ್ ಬರುವ ಡಾಕ್ಟರ್ ಇಲ್ಲ. ಜೊತೆಗೆ ಬಂದ ಹದಿನಾಲ್ಕು ವರ್ಷದ ಮೊಮ್ಮಗಳೇ ದುಭಾಷಿ. "ನಿಮಗೆ ಮೂತ್ರ ಗೊತ್ತಾಗದೆ ಹೋಗುತ್ತದಾ ಅಂತ ಕೇಳು" ಅಂದರೆ ಆ ಹುಡುಗಿ ಅಜ್ಜಿಯ ಮುಖ ನೋಡಿ ಹೇಗೆ ಕೇಳಬೇಕು?

ಕಾಯಿಲೆ ಗೊತ್ತಾದ ಮೇಲೆ ಬಾಣ ತಿರುಗಿ ಬರುತ್ತದೆ. ಇಲ್ಲಿಯವರೆಗೆ ಬಡತನ ಕಾಯಿಲೆ ತಂದದ್ದು ನೋಡಿದೆವು, ಇನ್ನು ಕಾಯಿಲೆ ಬಡತನ ತರುತ್ತದೆ. ವರ್ಷಗಟ್ಟಲೆ ನರ್ಸಿಂಗ್ ಹೋಮಿನಲ್ಲಿ ಇರುವ ಖರ್ಚನ್ನು ಮೆಡಿಕೇರ್ ಕೊಡುವುದಿಲ್ಲ. ಅಲ್ಲಿ ಒಂದು ಹಾಸಿಗೆಗೆ ವರ್ಷಕ್ಕೆ ಒಂದು ಲಕ್ಷ ಡಾಲರ್ ದಾಟುತ್ತದೆ. ಮೆಡಿಕೇಡ್ ಅನ್ನುವ ಬಡವರ ವಿಮೆ ಸಿಗುವುದು ಕೈ ಪೂರ್ತಿ ಬರಿದಾದ ಮೇಲಷ್ಟೇ. ಹಾಗಾಗಿ ಅಮ್ಮ ಮನೆಯಲ್ಲೇ ಉಳಿಯುತ್ತಾಳೆ, ಮಗಳು ಕೆಲಸ ಬಿಡುತ್ತಾಳೆ. ಮನೆಯವರನ್ನು ಕೈಬಿಡಬಾರದು ಅನ್ನುವ 'ಫಮಿಲಿಸ್ಮೊ'ವನ್ನು ಹೊಗಳುವ ಬರಹಗಳು ಬೇಕಾದಷ್ಟಿವೆ. ಹೊಗಳಿಕೆ ನಿಜವೇ. ಆದರೆ ಐವತ್ತರ ಆ ಮಗಳಿಗೆ ಸಂಬಳವೂ ಇಲ್ಲ, ಪಿಂಚಣಿಗೆ ಸೇರುವ ವರ್ಷಗಳೂ ಇಲ್ಲ. ನಿದ್ದೆ ಇಲ್ಲ, ತನ್ನದೇ ಬಿಪಿ ನೋಡಿಕೊಳ್ಳಲು ಪುರುಸೊತ್ತಿಲ್ಲ. ಎಷ್ಟೋ ಸಲ ಇಂಥ ಮಗಳೇ ಬೆಳಿಗ್ಗೆ ಇನ್ನೊಬ್ಬರ ಅಮ್ಮನನ್ನು ಗಂಟೆಗಿಷ್ಟು ಅಂತ ನೋಡಿಕೊಂಡು ಬಂದು, ರಾತ್ರಿ ತನ್ನ ಅಮ್ಮನನ್ನು ನೋಡಿಕೊಳ್ಳುವವಳು.

ಈ ಕಥೆಗೆ ನಮ್ಮ ಕಡೆಯ ಎಳೆಯೂ ಇದೆ. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ನರರೋಗ ತಜ್ಞೆ ಸುವರ್ಣ ಅಲ್ಲಾಡಿ 2013ರಲ್ಲಿ ಹೈದರಾಬಾದ್‌ನ 648 ಡಿಮೆನ್ಷಿಯಾ ರೋಗಿಗಳ ದಾಖಲೆ ನೋಡಿ ಒಂದು ವಿಷಯ ಹೇಳಿದರು: ಎರಡು ಭಾಷೆ ಬಲ್ಲವರಿಗೆ ಕಾಯಿಲೆ ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು. ಓದು ಬರಹ ಬಾರದವರಲ್ಲೂ ಹಾಗೇ ಇತ್ತು. ಶಾಲೆಗೆ ಹೋಗದವರ ಇಡುಗಂಟಿಗೂ ಭಾಷೆ ಸೇರಬಹುದು ಅಂದ ಹಾಗಾಯಿತು. ಸ್ಪ್ಯಾನಿಷ್ ಜೊತೆ ಇಂಗ್ಲಿಷೂ ಬಲ್ಲ ಸ್ಯಾನ್ ಡಿಯೇಗೊದ ರೋಗಿಗಳಲ್ಲಿ, ಕಡಿಮೆ ಓದಿದವರ ಮಟ್ಟಿಗೆ ಹೀಗೇ ಕಂಡಿತ್ತು. ಆದರೆ ವಾಷಿಂಗ್ಟನ್ ಹೈಟ್ಸ್‌ನಲ್ಲಿ ಸಾವಿರಕ್ಕೂ ಹೆಚ್ಚು ಸ್ಪ್ಯಾನಿಷ್ ಭಾಷಿಕರನ್ನು ವರ್ಷಗಟ್ಟಲೆ ಗಮನಿಸಿದಾಗ ಆ ಲಾಭ ಕಾಣಲಿಲ್ಲ. ಹೈದರಾಬಾದ್‌ನಲ್ಲಿ ತೆಲುಗು, ದಖನಿ ಎರಡೂ ಬೀದಿಯ ಭಾಷೆ, ದಿನವಿಡೀ ಅದಲು ಬದಲು. ಮ್ಯಾನ್‌ಹ್ಯಾಟನ್‌ನ ವಲಸೆಗಾರನಿಗೆ ಇಂಗ್ಲಿಷ್ ಕೆಲಸದ ಜಾಗದ ಭಾಷೆ. ವ್ಯತ್ಯಾಸ ಇರುವುದು ಇಲ್ಲೇ ಅಂತ ನನ್ನ ಅನುಮಾನ.

ಕೋಲಾರದ ಶ್ರೀನಿವಾಸಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ 45 ದಾಟಿದ ಹಳ್ಳಿ ಜನರನ್ನು ವರ್ಷ ವರ್ಷ ಪರೀಕ್ಷಿಸುತ್ತಿದೆ. ಅಲ್ಲೂ ಶಾಲೆಯ ಮೆಟ್ಟಿಲು ಹತ್ತದವರು ಬೇಕಾದಷ್ಟು ಜನ, ಸಕ್ಕರೆ ಬಿಪಿ ಇದ್ದೂ ಗೊತ್ತಿಲ್ಲದವರೂ ಇದ್ದಾರೆ. ಸ್ಯಾಕ್ರಮೆಂಟೊದ ಪ್ರಶ್ನೆಗಳು ಅವರಿಗೆ ಹೊಸದಲ್ಲ.

ಅಮೆರಿಕದ ಕೆಲವು ಊರುಗಳಲ್ಲಿ 'ಪ್ರೊಮೊತೋರಾ' ಅಂತ ಕರೆಸಿಕೊಳ್ಳುವ ಹೆಂಗಸರಿದ್ದಾರೆ. ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ ಅದೇ ಬೀದಿಯವರು. ಅಡುಗೆಮನೆಯ ಮೇಜಿನ ಹತ್ತಿರ ಕೂತು, ಕಾಫಿ ಕುಡಿಯುತ್ತಾ ಸಕ್ಕರೆ ಎಷ್ಟಿದೆ ಕೇಳುತ್ತಾರೆ. ಅಮ್ಮ ಒಂದೇ ಪ್ರಶ್ನೆಯನ್ನು ನಾಲ್ಕು ಸಲ ಕೇಳಿದ್ದನ್ನು ಅಲ್ಲೇ ಗಮನಿಸುತ್ತಾರೆ. ಆದರೆ ಅವರು ಮುಂದಕ್ಕೆ ಕಳಿಸಲು ಒಂದು ಡಾಕ್ಟರ್ ಬೇಕು, ಡಾಕ್ಟರಿಗೆ ತೋರಿಸಲು ವಿಮೆ ಬೇಕು.

ಕ್ಯಾಲಿಫೋರ್ನಿಯಾ ಆ ಬಾಗಿಲನ್ನು ಸ್ವಲ್ಪ ಸ್ವಲ್ಪವೇ ತೆರೆದಿತ್ತು. 2022ರ ಮೇ ತಿಂಗಳಲ್ಲಿ 50 ದಾಟಿದವರಿಗೆ, 2024ರ ಜನವರಿಯಲ್ಲಿ ಉಳಿದ ವಯಸ್ಕರಿಗೂ, ದಾಖಲೆ ಪತ್ರ ಇದ್ದರೂ ಇಲ್ಲದಿದ್ದರೂ ರಾಜ್ಯದ ಬಡವರ ವಿಮೆ ಸಿಕ್ಕಿತು. ಆಮೇಲೆ ಖಜಾನೆಯಲ್ಲಿ ಕೊರತೆ ಬಿತ್ತು. 2026ರ ಜನವರಿಯಿಂದ ದಾಖಲೆ ಇಲ್ಲದ ವಯಸ್ಕರ ಹೊಸ ನೋಂದಣಿ ನಿಂತಿದೆ. ಈಗ 45ರ ವಯಸ್ಸಿನ, ಮೊನ್ನೆಯಷ್ಟೇ ಸಕ್ಕರೆ ಕಾಯಿಲೆ ಅಂತ ಗೊತ್ತಾದ, ವಿಮೆಗೆ ಹೆಸರು ಬರೆಸಿಲ್ಲದ ಕೂಲಿಯವನು ಇವತ್ತೂ ಫ್ರೆಸ್ನೊದ ದ್ರಾಕ್ಷಿ ತೋಟದಲ್ಲಿದ್ದಾನೆ. ಅವನನ್ನು ಆ ಕುರ್ಚಿಯಲ್ಲಿ ಕೂರಿಸಿ ಮುಂದೊ ಕೇಳುವುದು 2050ರ ಸುಮಾರಿಗೆ.